ಅತ್ತೆಯ ರಕ್ತ, ಹೆಂಡತಿಯ ರಿಪೋರ್ಟು

“ಭೂಮಿ ತಿರುಗೋದನ್ನ ಮರೆತರೂ ಮರೆತೀತು, ನನ್ನ ಕೈಯಲ್ಲಿ ಸ್ಯಾಂಪಲ್ ಅದಲುಬದಲಾಗಲ್ಲ!”

ರಕ್ತಪರೀಕ್ಷೆಯ ಲ್ಯಾಬಿನ ಹಿರಿಯ ಟೆಕ್ನೀಷಿಯನ್ ಮಹಾಶಯರು ದಿನಕ್ಕೊಮ್ಮೆಯಾದರೂ ಹೀಗೆ ಎದೆ ತಟ್ಟಿಕೊಳ್ಳುತ್ತಿದ್ದರು. ಪ್ರತಿ ಟ್ಯೂಬಿನ ಲೇಬಲ್ಲನ್ನೂ ಮೂರು ಸಲ ಓದುವ ಅವರಿಗೆ ‘ಲೇಬಲ್ ಮೇಷ್ಟ್ರು’ ಎಂಬ ಬಿರುದಿತ್ತು. ಮನೆಯಲ್ಲೂ ತಪ್ಪೆಂಬುದು ಅವರದಲ್ಲ. ಹಾಲು ಉಕ್ಕಿದರೆ ತಪ್ಪು ಒಲೆಯದು, ಛತ್ರಿ ಕಳೆದರೆ ಬಸ್ಸಿನದು!

ಅವರ ಮೂವತ್ತಾರರ ಹೆಂಡತಿಗೆ ಐದು ತಿಂಗಳಿಂದ ಮುಟ್ಟಿರಲಿಲ್ಲ. ಕೂತಲ್ಲೇ ಮೈ ಬಿಸಿಯೇರಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಡಾಕ್ಟರಮ್ಮ ಹಾರ್ಮೋನ್ ಪರೀಕ್ಷೆ ಬರೆದರು. ಮೇಷ್ಟ್ರು ತಾವೇ ರಕ್ತ ತೆಗೆದರು. ಅದೇ ಬೆಳಿಗ್ಗೆ ಅತ್ತೆಯೂ ಸಕ್ಕರೆ ಪರೀಕ್ಷೆಗೆಂದು ಅಳಿಯನೆದುರು ತೋಳು ಚಾಚಿದ್ದರು.

ಸಂಜೆ ಯಂತ್ರ ಕೊಟ್ಟ ಅಂಕಿಯನ್ನು ಮೇಷ್ಟ್ರು ಮೂರು ಸಲ ಓದಿದರು. ಮುಟ್ಟು ನಿಂತ ಅಜ್ಜಿಯರಿಗೆ ಬರುವ ಅಂಕಿ, ಹೆಂಡತಿಯ ಹೆಸರಿನೆದುರು!

“ಇದು ಅತ್ತೆ ರಕ್ತ ಕಣೇ! ನಾನೇ ಅದಲುಬದಲು ಮಾಡ್ಬಿಟ್ಟೆ. ನಂದೇ ತಪ್ಪು!” ಎಂದು ಮನೆಗೆ ಓಡಿ ಹೆಂಡತಿಗೆ ಹೇಳಿದರು.

ಇಬ್ಬರನ್ನೂ ಮತ್ತೆ ಕೂರಿಸಿ ರಕ್ತ ತೆಗೆದರು.

“ನನ್ನ ತೋಳೇನು ಸೂಜಿ ಚುಚ್ಚೋ ದಿಂಬಾ, ಅಳಿಯಂದ್ರೇ?” ಎಂದು ಅತ್ತೆ ಗುಡುಗಿದರು.

ಮತ್ತೆ ಅದೇ ಅಂಕಿ. “ಈ ಸಲಾನೂ ನಾನೇ ಎಡವಟ್ಟು ಮಾಡಿದೆ!” ಎಂದ ಮೇಷ್ಟ್ರು ಯಂತ್ರದ ಇಂಜಿನಿಯರನ್ನು ಕರೆಸಿದರು. ಅವನು ಅರ್ಧ ದಿನ ಎಲ್ಲವನ್ನೂ ಬಿಚ್ಚಿ ಜೋಡಿಸಿ, “ಯಂತ್ರ ಗಟ್ಟಿಮುಟ್ಟಾಗಿದೆ ಸಾರ್, ನೀವೇ ಸ್ವಲ್ಪ ರೆಸ್ಟ್ ತಗೊಳ್ಳಿ” ಅಂದ.

ಮೇಷ್ಟ್ರು ಆಮೇಲೆ ಕಂಡಕಂಡವರೆದುರು ತಪ್ಪೊಪ್ಪಿಕೊಳ್ಳತೊಡಗಿದರು. ಅವರಿಗೆ ನಿಜವಾಗಿ ಭಯವಾಗಿತ್ತು. ಊರೆಲ್ಲ ತಮ್ಮನ್ನು ಕೈಲಾಗದವನೆಂದರೂ ಚಿಂತೆಯಿಲ್ಲ, ಆ ಅಂಕಿ ಮಾತ್ರ ಅವಳದಾಗಬಾರದು.

ತಿಂಗಳು ಬಿಟ್ಟು ಡಾಕ್ಟರಮ್ಮ ಬೇರೊಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರು. ಅಲ್ಲೂ ಅಂಥದೇ ಅಂಕಿ ಬಂತು.

“ಕೆಲವರಿಗೆ ನಲವತ್ತರೊಳಗೇ ಅಂಡಾಶಯದ ಕೆಲಸ ಕುಂದುತ್ತೆ. ಎಷ್ಟೋ ಸಲ ಕಾರಣಾನೇ ಸಿಗಲ್ಲ. ಮೂಳೆ, ಹೃದಯ ಚೆನ್ನಾಗಿರಬೇಕಲ್ಲ, ಅದಕ್ಕೆ ಹಾರ್ಮೋನ್ ಮಾತ್ರೆ ಬರೀತೀನಿ” ಎಂದರು.

“ಡಾಕ್ಟ್ರೇ, ಎಲ್ಲೋ ನನ್ನಿಂದಲೇ ತಪ್ಪು...”

“ನಿಮ್ಮ ತಪ್ಪೂ ಇಲ್ಲ, ಅವರ ತಪ್ಪೂ ಇಲ್ಲ.”

ಹೊರಗಿನ ಬೆಂಚಿನ ಮೇಲೆ ಕೂತು ಹೆಂಡತಿ ಅತ್ತಳು. ಮೇಷ್ಟ್ರು ಪಕ್ಕದಲ್ಲಿ ಕೂತು ಕರವಸ್ತ್ರ ಚಾಚಿದರು. ಅವಳು ಕಣ್ಣೊರೆಸಿಕೊಂಡು, ಅವರ ಜೋಲು ಮುಖ ನೋಡಿ ನಕ್ಕಳು.

“ಹನ್ನೊಂದು ವರ್ಷ ನಿಮ್ಜೊತೆ ಸಂಸಾರ ಮಾಡಿದೀನಿ. ಇವತ್ತಿನವರೆಗೆ ನೀವು ಒಪ್ಪಿಕೊಂಡಿರೋದು ಒಂದೇ ಒಂದು ತಪ್ಪು ಕಣ್ರೀ. ಅದೂ ನೀವು ಮಾಡದೇ ಇರೋದು!”