ಮನೆ ಮಾರಾಟದಲ್ಲಿ ಸಾಯಬಣ್ಣನ ಅರ್ಧ ಬೆರಳು

ಸೇಡಂ ರಸ್ತೆಯ ನಮ್ಮ ಬಡಾವಣೆಯಲ್ಲಿ, ಸರ್ವೆಯಾದ ಮನೆಯ ದರವನ್ನು ಬಾಯಿಂದ ಆಡುವುದು ಕಳೆದ ಯುಗಾದಿಯಿಂದ ನಿಷೇಧವಾಗಿದೆ. ಅದಕ್ಕೆ ಮೊದಲು ಜನ ಒಂದು ದರಕ್ಕೆ ಒಪ್ಪಿ, ಪೇಢೆ ತಿಂದು, ಆಮೇಲೆ ಇಂಜಿನಿಯರನ್ನು ಕರೆತಂದು ಗೋಡೆ ಬಡಿಸಿ, "ಇಷ್ಟು ಕಡಿಮಿ ಮಾಡ್ರಿ" ಎಂದು ನಡುಬೀದಿಯಲ್ಲಿ ಬಾಯಿಗೆ ಬಂದಂತೆ ಬೈದಾಡುತ್ತಿದ್ದರು. ಒಮ್ಮೆ ಚಪ್ಪಲಿಯೂ ಹಾರಿತು. ಅದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಗೆ, ಅಂದರೆ ವಿಠ್ಠಲರಾವ್ ಎಂಬ ನನಗೆ, ತಗುಲಿತು. ನಾನು ಅಂದು ಸಂಜೆಯೇ ಕೂತು ನಿಯಮಾವಳಿ ಬರೆದೆ.

ಕಲಂ ನಾಲ್ಕರ ಪ್ರಕಾರ, ಸರ್ವೆಯ ನಂತರ ದರದ ಮರುಚರ್ಚೆಯು ಎತ್ತಿನ ಸಂತೆಯ ಪದ್ಧತಿಯಂತೆ ದಸ್ತಿಯ, ಅಂದರೆ ಕೈವಸ್ತ್ರದ, ಕೆಳಗೆ ನಡೆಯತಕ್ಕದ್ದು. ದಲ್ಲಾಳಿ ಬಲಗೈ ಮೇಲೆ ದಸ್ತಿ ಹೊದ್ದು ಕೂರುತ್ತಾನೆ. ಕೊಳ್ಳುವವರು ಒಳಗೆ ಕೈ ಹಾಕಿ ಅವನ ಬೆರಳು ಹಿಡಿಯುತ್ತಾರೆ. ಹಿಡಿದ ಬೆರಳೆಷ್ಟೋ ಅಷ್ಟು ಲಕ್ಷ ಇಳಿಕೆ. ಮಾತಿಲ್ಲ, ಜಗಳವಿಲ್ಲ, ಚಪ್ಪಲಿಯಂತೂ ಇಲ್ಲ. ಕಲಂ ಏಳರ ಪ್ರಕಾರ, ಯಾವುದೇ ಸರ್ವೆ ನಡೆದರೂ ಅದರ ನಂತರ ಮರುಚರ್ಚೆ ಕಡ್ಡಾಯ. ಸಂಘದ ಇಂಜಿನಿಯರ್ ಗುರುಪ್ರಸಾದ ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾನೆ; ಸರ್ವೆ ಸಿಕ್ಕ ತಿಂಗಳು ಬಾಡಿಗೆ ತಪ್ಪದೆ ಕೊಡುತ್ತಾನೆ. ಇದಕ್ಕೂ ಕಲಂ ಏಳಕ್ಕೂ ಯಾವ ಸಂಬಂಧವೂ ಇಲ್ಲವೆಂದು ಕಲಂ ಎಂಟರಲ್ಲಿ ಸ್ಪಷ್ಟಪಡಿಸಿದ್ದೇನೆ.

ಸದರಿ ನಿಯಮಗಳು ಮೊದಲು ಅನ್ವಯವಾದದ್ದು ಭಾಗಮ್ಮನ ಮನೆಗೆ. ಭಾಗಮ್ಮ ಕಮಲಾಪುರದ ದವಾಖಾನೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಕಮಲಾಪುರದಲ್ಲೇ ಇರುವ ಅವಳ ತಂಗಿ ಅಂಬಿಕಾಗೆ ಹೋದ ವರ್ಷ ಲಕ್ವಾ ಹೊಡೆದು ಎಡಗೈ ಏಳದಂತಾಗಿತ್ತು. ತಂಗಿಯ ಪಕ್ಕದ ಮನೆ, ಯಂಕಪ್ಪನದು, ನಲವತ್ತು ಲಕ್ಷಕ್ಕೆ ಮಾರಾಟಕ್ಕಿತ್ತು. ಕಾರಹುಣ್ಣಿಮೆಯವರೆಗೆ ಕಾಯುತ್ತೇನೆಂದು ಅವನು ಹೇಳಿದ್ದ. ಇಲ್ಲಿನ ಮನೆಯನ್ನು ಬ್ಯಾಂಕಿನ ಅತುಲ ನಲವತ್ಮೂರಕ್ಕೆ ಒಪ್ಪಿದ್ದ. ಅವನು ಕೊಟ್ಟ ಮುಂಗಡವನ್ನು ಭಾಗಮ್ಮ ಹಾಗೇ ಯಂಕಪ್ಪನಿಗೆ ಕೊಟ್ಟಾಗಿತ್ತು. ಹಿಂದೆ ಸರಿಯುವ ದಾರಿ ಇರಲಿಲ್ಲ. ನಲವತ್ತಕ್ಕಿಂತ ಕೆಳಗೆ ಬಂದರೆ ತಂಗಿಯ ಪಕ್ಕದ ಮನೆ ಕೈಬಿಟ್ಟಂತೆಯೇ.

ಗುರುಪ್ರಸಾದ ಮೂರು ದಿನ ಗೋಡೆ ಬಡಿದು ನಲವತ್ತು ಪುಟದ ವರದಿ ಕೊಟ್ಟ. ಹತ್ತೊಂಬತ್ತನೇ ಪುಟದಲ್ಲಿ ಅಡಿಗೆಮನೆ ಗೋಡೆಯ ಒಂದು ಬಿರುಕಿನ ಫೋಟೋ ಇತ್ತು. ಬಿರುಕಿನ ಪಕ್ಕ ಮೊಳೆಗೆ ಚಹಾ ಸೋಸುವ ಜಾಲರಿ ತೂಗುತ್ತಿತ್ತು. ಅದರ ಹಿಡಿಕೆ ಮುರಿದದ್ದಕ್ಕೆ ಭಾಗಮ್ಮ ದವಾಖಾನೆಯ ಬಿಳಿ ಪಟ್ಟಿ ಸುತ್ತಿದ್ದಳು.

"ಇಷ್ಟ ಬಿರುಕಿಗಿ ಒಂದ್ ಮುಷ್ಟಿ ಸಿಮೆಂಟ್ ಸಾಕ್ರಿ. ನಾನೇ ಮುಚ್ಚತೀನಿ," ಅಂದಳು.

"ಮುಚ್ಚಬ್ಯಾಡ್ರಿ ಅಕ್ಕೋರ. ಮುಚ್ಚಿದ್ರ ದೋಷ ಮುಚ್ಚಿಟ್ಟಂಗ ಆಗತದ," ಅಂದ ಗುರುಪ್ರಸಾದ.

ಮರುಚರ್ಚೆಗೆ ದಲ್ಲಾಳಿಯಾಗಿ ಸಾಯಬಣ್ಣನನ್ನು ಕರೆಸಿದೆವು. ಮೂವತ್ತು ವರ್ಷ ಎತ್ತು ಮಾರಿಸಿದ ಕೈ. ಅತುಲ ದಸ್ತಿಯ ಕೆಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಹೊರತೆಗೆದ.

"ಒಂದೂವರಿ," ಎಂದು ಸಾಯಬಣ್ಣ ಸಾರಿದ.

"ಎರಡ ಬೆರಳ ಹಿಡದೀನ್ರಿ ನಾ," ಅಂದ ಅತುಲ.

ಸಾಯಬಣ್ಣ ದಸ್ತಿ ಸರಿಸಿ ಕೈ ತೋರಿಸಿದ. ತೋರುಬೆರಳು ನಡುಗಣ್ಣಿಗೇ ಮುಗಿದಿತ್ತು. "ಒಂದು ಇಡೀದು, ಇನ್ನೊಂದು ಇದು. ಎತ್ತಿನ ಸಂತ್ಯಾಗ ಇದಕ್ಕ ಎಲ್ಲಾರೂ ಅರ್ಧಾನೇ ಅಂತಾರ್ರಿ."

"ದಸ್ತಿ ಒಳಗ ನನಗ ಹ್ಯಾಂಗ ಕಾಣಬೇಕ್ರಿ?" ಅತುಲನ ಪ್ರಶ್ನೆ ನ್ಯಾಯವಾದದ್ದೇ. ನಾನು ಬೆರಳಿನ ಸರ್ವೆಗೆ ಆದೇಶಿಸಿದೆ.

ಗುರುಪ್ರಸಾದ ಟೇಪು ಹಿಡಿದು ಬೆರಳು ಅಳೆದ. ರೂಢಿಯಂತೆ, ಒಳಗೆ ಪೊಳ್ಳಿದೆಯೋ ಎಂದು ಸುತ್ತಿಗೆಯ ಹಿಡಿಯಿಂದ ಬಡಿದೂ ನೋಡಿದ. ಸಾಯಬಣ್ಣ ಸಹಕರಿಸಿದ. ನೋಡುತ್ತಿದ್ದ ಭಾಗಮ್ಮನಿಗೆ ತಡೆಯಲಾಗಲಿಲ್ಲ.

"ಮೆಲ್ಲಕ ಬಡೀರಿ. ಮೇವು ಕತ್ತರಿಸೋ ಮಷೀನಿಗಿ ಕೈ ಕೊಟ್ಟು ನಮ್ಮ ದವಾಖಾನಿಗಿ ಬಂದಿದ್ದ ಅವ. ಪೂರಾ ತೆಗದುಬಿಡೋಣ ಅಂದಿದ್ರು ಡಾಕ್ಟರು. ಬ್ಯಾಡ್ರಿ, ಇಷ್ಟರೆ ಉಳೀಲಿ ಅಂತ ನಾನೇ ಗಂಟು ಬಿದ್ದು, ದಿನಾ ಪಟ್ಟಿ ಕಟ್ಟಿ ಉಳಿಸೀನಿ."

"ಅಕ್ಕೋರ ಪುಣ್ಯಾದಿಂದ ಅರ್ಧರೆ ಅದ," ಎಂದು ಸಾಯಬಣ್ಣ ಅವಳತ್ತ ಕೈ ಮುಗಿದ. ಗುರುಪ್ರಸಾದ ಎಲ್ಲವನ್ನೂ ಬರೆದುಕೊಂಡ.

ವರದಿ ಬಂತು. ಬೆರಳು ಅರ್ಧವೆಂದು ಸಾಬೀತಾಯಿತು. ದರ ನಲವತ್ತೊಂದೂವರೆಗೆ ನಿಂತಿತು. ಭಾಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲರಿಗೂ ಚಹಾ ಇಟ್ಟಳು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಚಹಾ ಅರ್ಧ ಕುಡಿದಾಗ ಕಲಂ ಏಳು ನೆನಪಾಯಿತು. ಯಾವುದೇ ಸರ್ವೆಯ ನಂತರ ಮರುಚರ್ಚೆ ಕಡ್ಡಾಯ. ಬೆರಳಿನದೂ ಸರ್ವೆಯೇ. ಜೊತೆಗೆ ವರದಿಯ ಕೊನೆಯ ಪುಟದಲ್ಲಿ ಹೀಗಿತ್ತು: "ದಲ್ಲಾಳಿಯ ಬೆರಳಿನ ಹಾಲಿ ಸ್ಥಿತಿಗೆ ಮಾರಾಟಗಾರರೇ ಕಾರಣರಾಗಿದ್ದು, ಸದರಿ ಸಂಗತಿಯನ್ನು ಒಪ್ಪಂದಕ್ಕೆ ಮೊದಲು ಕೊಳ್ಳುವವರ ಗಮನಕ್ಕೆ ತಂದಿರುವುದಿಲ್ಲ."

ಅತುಲ ಅದನ್ನು ಎರಡು ಸಲ ಓದಿದ. "ಮನಸಿಗಿ ಭಾಳ ಬ್ಯಾಸರ ಆಗಾಕತ್ತದ ಅಕ್ಕಾ," ಎಂದ. ಎಂದು, ದಸ್ತಿಯ ಕೆಳಗೆ ಕೈ ಹಾಕಿ ಮೂರು ಬೆರಳು ಹಿಡಿದ. ಈ ಸಲ ಮೂರೂ ಇಡೀ ಬೆರಳು.

ಮೂವತ್ತೆಂಟೂವರೆ. ಭಾಗಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಾ ಬಾಗಿಲಲ್ಲಿ ನಿಂತಳು. "ವಿಠ್ಠಲರಾವ್ ಅವರ, ಅಂಬಿಕಾಗ ಏನಂತ ಹೇಳ್ಲಿ ನಾ? ಜಡಿ ಹಾಕೊಳ್ಳಾಕೂ ಬರವಲ್ತು ಅದಕ್ಕ. ದಾರಿ ನೋಡಾಕತ್ತದ."

ನನಗೆ ಕರುಳು ಚುರ್ ಎಂದಿತು. ಆದರೆ ನಿಯಮಾವಳಿಯಲ್ಲಿ ಕರುಳಿಗೆ ಕಲಂ ಇರಲಿಲ್ಲ, ಬರೆಯುವಾಗ ಹೊಳೆದಿರಲಿಲ್ಲ. ಇದ್ದ ಕಲಂಗಳಲ್ಲೇ ದಾರಿ ಹುಡುಕಿದೆ. ಭಾಗಮ್ಮ ಸಂಘದ ಆಜೀವ ಸದಸ್ಯೆ. ಸದಸ್ಯರು ಎಲ್ಲಿ ಮನೆ ಕೊಂಡರೂ ನಿಯಮಗಳು ಅವರ ಹಿಂದೆಯೇ ಹೋಗತಕ್ಕದ್ದು. ಅಂದರೆ ಯಂಕಪ್ಪನ ಮನೆಗೂ ಸರ್ವೆ ಆಗಬೇಕು. ಗುರುಪ್ರಸಾದ ಕೂಡಲೇ ಒಪ್ಪಿದ. ಬಿಸಿಲು ಜೋರಿದ್ದುದರಿಂದ ಕಮಲಾಪುರಕ್ಕೆ ಹೋಗದೆ, ಸರ್ವೆಯನ್ನು ನಮ್ಮ ಮಹಡಿಯ ಮೇಲೆಯೇ ಫ್ಯಾನಿನ ಕೆಳಗೆ ಕೂತು ಎರಡು ತಾಸಿನಲ್ಲಿ ಮುಗಿಸಿದ.

ಕಾರಹುಣ್ಣಿಮೆಗೆ ಎರಡು ದಿನ ಇರುವಾಗ ನಾವೆಲ್ಲ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ಯಂಕಪ್ಪ ತಟ್ಟೆ ತುಂಬ ಕೆಂಪು ಬಾಳೆಹಣ್ಣು ಇಟ್ಟು, ಅಂಗಳಕ್ಕೆ ಚಾಪೆ ಹಾಸಿ ಕೂರಿಸಿದ. ಪಕ್ಕದ ಮನೆಯ ಕಟ್ಟೆಯ ಮೇಲೆ ಅಂಬಿಕಾ ಕೂದಲು ಬಿಚ್ಚಿಕೊಂಡು ಕೂತಿದ್ದಳು. ಸಾಯಬಣ್ಣ ಕೈ ಮೇಲೆ ದಸ್ತಿ ಹೊದ್ದ. ನಾನು ವರದಿಯನ್ನು ಭಾಗಮ್ಮನ ಕೈಗೆ ಕೊಟ್ಟೆ.

ಅವಳು ಪುಟ ತಿರುವುತ್ತಾ ಹತ್ತೊಂಬತ್ತಕ್ಕೆ ಬಂದು ನಿಂತಳು. ಅಡಿಗೆಮನೆ ಗೋಡೆ. ಬಿರುಕು. ಪಕ್ಕದಲ್ಲಿ ಮೊಳೆಗೆ ತೂಗಿದ, ಹಿಡಿಕೆಗೆ ಬಿಳಿ ಪಟ್ಟಿ ಸುತ್ತಿದ ಚಹಾ ಜಾಲರಿ. ಗುರುಪ್ರಸಾದ ಬಾಳೆಹಣ್ಣು ಸುಲಿಯುತ್ತಿದ್ದ. ಭಾಗಮ್ಮ ಆ ಜಾಲರಿಯನ್ನು ನೋಡಿದಳು, ತಲೆ ಎತ್ತಿ ನನ್ನನ್ನು ನೋಡಿದಳು, ಕಟ್ಟೆಯ ಮೇಲಿನ ತಂಗಿಯನ್ನು ನೋಡಿದಳು.

"ಕಣ್ಣು ಮಂದ ಆಗ್ಯಾವ ನನಗ," ಅಂದ ಯಂಕಪ್ಪ. "ನೀವ ನೋಡಿ ಹೇಳ್ರಿ ಅಕ್ಕೋರ. ನಮ್ಮ ಮನಿ ಬಿರುಕು ಅಷ್ಟ ದೊಡ್ಡದದ ಏನ್ರಿ?"

ಭಾಗಮ್ಮ ವರದಿ ಮುಚ್ಚಿದಳು. "ಹೂಂ ಯಂಕಪ್ಪ. ದೊಡ್ಡದದ."

ಆಮೇಲೆ ದಸ್ತಿಯ ಕೆಳಗೆ ಕೈ ಹಾಕಿದಳು. ಆ ಅರ್ಧ ಬೆರಳನ್ನು ಹುಡುಕಬೇಕಾದ ಅಗತ್ಯ ಅವಳಿಗಿರಲಿಲ್ಲ.

"ಒಂದೂವರಿ," ಎಂದು ಸಾಯಬಣ್ಣ ಸಾರಿದ. ಯಂಕಪ್ಪನ ಮನೆಯ ದರ ಮೂವತ್ತೆಂಟೂವರೆಗೆ ಇಳಿಯಿತು. ಯಾರೂ ಬಾಯಿ ಮಾಡಲಿಲ್ಲ. ನಿಯಮದ ಉದ್ದೇಶವೇ ಅದು. ಎಲ್ಲರೂ ಸಹಿ ಮಾಡಿದರು. ಭಾಗಮ್ಮ ಸಹಿ ಮಾಡಿ ಎದ್ದು, ಯಂಕಪ್ಪನ ಮುಖ ನೋಡದೆ ನೇರ ಕಟ್ಟೆಗೆ ಹೋಗಿ, ತಂಗಿಯ ಕೂದಲು ಬಾಚತೊಡಗಿದಳು.

ಯಂಕಪ್ಪ ಸ್ವಲ್ಪ ಹೊತ್ತು ತನ್ನ ಮನೆಯ ಗೋಡೆಯನ್ನೇ ನೋಡುತ್ತಾ ಕೂತ. ನಂತರ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದ: "ಸಾಹೇಬ್ರ, ನಾ ಒಂದ್ ಮನಿ ತೊಗೋಳಾಕತ್ತೀನ್ರಿ ಕಲಬುರಗ್ಯಾಗ. ಅದಕ್ಕೂ ಇದೇ ಸರ್ವೆ ಮಾಡಿ ಕೊಡ್ತೀರೇನ್ರಿ?"

ವರದಿ ಸಿದ್ಧವಿದೆ ಎಂದು ಹೇಳಿ, ಅವನನ್ನು ಸಂಘದ ಆಜೀವ ಸದಸ್ಯನನ್ನಾಗಿ ಬರೆದುಕೊಂಡೆ.