ಉಪಚಾರ ಕಲಿತ ಪ್ರೊಪೆಲ್ಲರ್

"ನೋಡು ವನಜಾ, ಇನ್ಮೇಲೆ ಆ ಹಿಡಿ ಎಳೆಯೋ ಕರ್ಮ ನಿಂಗೆ ಬೇಡ. ಬಾಯಲ್ಲಿ ಹೇಳು ಸಾಕು, ಪ್ರೊಪೆಲ್ಲರೇ ತನ್ನ ಅಲಗು ಓರೆ ಮಾಡ್ಕೊಳ್ಳುತ್ತೆ!"

ಹಾರಾಟ ಕ್ಲಬ್ಬಿನ ಮೆಕ್ಯಾನಿಕ್ಕೂ ಅಕ್ಕನ ಗಂಡನೂ ಆದ ಪುಟ್ಟಸ್ವಾಮಿ ಭಾವ ಎದೆಯುಬ್ಬಿಸಿ ಹೀಗೆಂದಾಗ ವನಜಾಕ್ಷಿ ಓಡಿಹೋಗಿ ವಿಮಾನದೊಳಗೆ ಇಣುಕಿದಳು. ಎರಡು ಸೀಟಿನ ಆ ವಿಮಾನದ ಅಲಗು ಓರೆ ಮಾಡುವ ಹಿಡಿ ಆಗಲೇ ಭಾವನ ಚೀಲ ಸೇರಿತ್ತು. ಇನ್ನು ಹತ್ತು ನಿಮಿಷಕ್ಕೆ ಅವಳ ಲೈಸೆನ್ಸ್ ನವೀಕರಣದ ಪರೀಕ್ಷೆ. ಐವತ್ತೊಂಬತ್ತರ ಈ ವಯಸ್ಸಿನಲ್ಲಿ ಇವತ್ತು ಫೇಲಾದರೆ ನಾಳೆಯೇ ಕ್ಲಬ್ಬಿನ ಪೈಲಟ್ ಕೆಲಸ ಬೇರೆಯವರ ಪಾಲು.

"ಏರುವಾಗ ಓರೆ ಕಡಿಮೆ ಇರಬೇಕು ಭಾವ, ಮೇಲೆ ಹೋದ್ಮೇಲೆ ಜಾಸ್ತಿ. ಸ್ಕೂಟರ್ ಗೇರ್ ಇದ್ದ ಹಾಗೆ. ಇದಕ್ಕೆ ಅದೆಲ್ಲ ಗೊತ್ತಾ?"

"ಇನ್ನೂರು ಮದುವೆ ವಿಡಿಯೋ ತೋರಿಸಿ ಪಾಠ ಹೇಳಿದೀನಿ."

"ಮದುವೆ ವಿಡಿಯೋನಾ?"

"ಬೇಕು, ಸಾಕು, ಸ್ವಲ್ಪ... ಊಟದ ಪಂಕ್ತೀಲಿ ಹೇಳಿದಷ್ಟು ಜನ ಇನ್ನೆಲ್ಲಿ ಹೇಳ್ತಾರೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಪರೀಕ್ಷಕ ಸದಾಶಿವಯ್ಯ ಬಂದು ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತೇಬಿಟ್ಟರು.

ಏರಿದ್ದೇನೋ ಸಲೀಸಾಗಿಯೇ ಆಯಿತು. ಎರಡು ಸಾವಿರ ಅಡಿ ಮುಟ್ಟಿದ ಮೇಲೆ ವನಜಾಕ್ಷಿ, "ಸ್ವಲ್ಪ ಓರೆ ಹಾಕಪ್ಪ" ಅಂದಳು. ಪಂಕ್ತಿಯಲ್ಲಿ ಸ್ವಲ್ಪ ಅಂದವರ ಎಲೆಗೆ ಬೀಳುವುದು ತುಂಬಿದ ಸೌಟು ತಾನೆ? ಅಲಗುಗಳು ಗಾಳಿಯನ್ನು ಗಬಕ್ಕನೆ ಕಚ್ಚಿದವು. ಎಂಜಿನ್ ನರಳತೊಡಗಿತು.

"ಸಾಕು" ಅಂದಳು. ಇನ್ನೊಂದಿಷ್ಟು ಓರೆ ಬಿತ್ತು.

"ಬೇಡ, ಬೇಡ" ಅಂದಳು. ಮತ್ತಷ್ಟು ಬಿತ್ತು.

"ಅಯ್ಯೋ, ಸಾಕೇ ಸಾಕು ಅಂತ ಹೇಳಮ್ಮ ಅದಕ್ಕೆ!" ಎಂದು ಸದಾಶಿವಯ್ಯನವರೇ ಅರಚಿದರು. ಹಿರಿಯರ ದನಿಗೆ ಪ್ರೊಪೆಲ್ಲರ್ ಹೆಚ್ಚಿನ ಮರ್ಯಾದೆ ತೋರಿಸಿತು. ಅಲಗುಗಳು ಪೂರ್ತಿ ಮಗುಚಿಕೊಂಡು ಗಾಳಿಯನ್ನು ಮುಂದಕ್ಕೆ ತಳ್ಳಲು ಶುರುಮಾಡಿದವು. ವಿಮಾನ ಆಕಾಶದಲ್ಲೇ ನಿಂತು, ಒಂದು ಕ್ಷಣ ಯೋಚಿಸಿ, ಹಿಂದಕ್ಕೆ ಹೊರಟಿತು. ಹಿಂದಿನಿಂದ ಬರುತ್ತಿದ್ದ ಹದ್ದೊಂದು ಗಾಬರಿಯಾಗಿ ದಾರಿ ಬಿಟ್ಟಿತು.

ಸದಾಶಿವಯ್ಯ ಎಲೆಯ ಮೇಲೆ ಅಡ್ಡ ಹಿಡಿಯುವ ಹಾಗೆ ಎರಡೂ ಕೈ ಚಾಚಿದ್ದು ನೋಡಿದಾಗ ವನಜಾಕ್ಷಿಗೆ ತಲೆಯಲ್ಲಿ ದೀಪ ಹತ್ತಿತು. ಸಾಕು ಅಂದವರನ್ನು ಬಡಿಸುವವನು ಬಿಡುವುದಿಲ್ಲ. ಬೇಕು ಅಂತ ಕೂಗಿದವರ ಕಡೆ ತಿರುಗಿಯೂ ನೋಡುವುದಿಲ್ಲ.

"ಸಾರ್, ಇನ್ನೂ ಬೇಕು ಅಂತ ಕೇಳಿ. ಗಟ್ಟಿಯಾಗಿ."

"ಇನ್ನೂ ಬೇಕಾ? ತಲೆ ನೆಟ್ಟಗಿದೆಯಾ ನಿಮಗೆ?"

"ಕೇಳಿ ಸಾರ್, ದಮ್ಮಯ್ಯ."

ಇಬ್ಬರೂ ಒಟ್ಟಿಗೆ "ಬೇಕು, ಬೇಕು" ಎಂದು ಬೊಬ್ಬೆಯಿಟ್ಟರು. ಪ್ರೊಪೆಲ್ಲರಿಗೆ ಆ ಕ್ಷಣದಿಂದ ಕಿವಿಯೇ ಕೇಳದಾಯಿತು. ಅಲಗುಗಳು ಇದ್ದ ಓರೆಯಲ್ಲೇ ನಿಂತವು. ಹಿಮ್ಮುಖ ಮಾತ್ರ ಹಿಮ್ಮುಖವೇ. ವನಜಾಕ್ಷಿ ಕತ್ತು ಹೊರಳಿಸಿ, ಸಂದಿಯಲ್ಲಿ ಕಾರು ರಿವರ್ಸ್ ತೆಗೆಯುವವರ ಹಾಗೆ ವಿಮಾನವನ್ನು ಹಿಂದುಹಿಂದಕ್ಕೇ ರನ್‌ವೇಗೆ ಇಳಿಸಿದಳು. ಅದು ನೇರ ಶೆಡ್ಡಿನೊಳಕ್ಕೆ ಸರಿದು, ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ನಿಂತಿತು. ಅವಳ ಕಣ್ಣಲ್ಲಿ ನೀರು ಬಂತು. ಕೆಲಸ ಹೋಯಿತು ಅಂದುಕೊಂಡಳು.

ಸದಾಶಿವಯ್ಯ ಫಾರಂ ತುಂಬಿ ಅವಳ ಮುಂದೆ ಹಿಡಿದರು. 'ಪಾಸ್' ಎಂದಿತ್ತು.

"ನಿಜವಾಗ್ಲೂನಾ ಸಾರ್?"

"ಫೇಲ್ ಮಾಡಿದ್ರೆ ಹದಿನೈದು ದಿನದೊಳಗೆ ಮರುಪರೀಕ್ಷೆ ಆಗಬೇಕಮ್ಮ" ಎಂದರು ಸದಾಶಿವಯ್ಯ. "ಅದಕ್ಕೂ ನಾನೇ ಬಂದು ನಿಮ್ಮ ಪಕ್ಕ ಕೂರಬೇಕು."