ಬೆಳಿಗ್ಗೆ ಮಡಚದ ಕೈ

ರೋಗ ಕಂಡುಹಿಡಿಯುವವರು ಡಾಕ್ಟರು ಎಂದು ನೀವು ನಂಬಿರಬಹುದು. ನಾನೂ ನಂಬಿದ್ದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂದು ಸರ್ಕಾರ ಎತ್ತಿ ಹಾಕಿದ ಕಡೆಯೆಲ್ಲ ಡಾಕ್ಟರಿಕೆ ಮಾಡಿದ ಮೇಲೆ ಆ ನಂಬಿಕೆ ಹೋಯಿತು. ನನಗಿಂತ ಮೊದಲೇ ಮನೆಯವರಿಗೋ ಬೀದಿಯವರಿಗೋ ಗುರುತು ಸಿಕ್ಕಿರುತ್ತಿತ್ತು. ಅದರಲ್ಲೂ ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ಬಡಿಯುವಂತೆ, ಮೈ ಕಾಯಬೇಕಾದ ಶಕ್ತಿಯೇ ಮೈಯನ್ನು ಬಡಿಯುವಂಥ ಕೆಲವು ಕಾಯಿಲೆಗಳಿವೆ. ಅವುಗಳ ಮುಂದೆ ನಾನು ಪೆದ್ದನಾದದ್ದೇ ಹೆಚ್ಚು.

೧. ಮೇಷ್ಟರ ಕಣ್ಣು

ಪಾವಗಡದ ಕಡೆ ಒಬ್ಬ ಮೇಷ್ಟರಿದ್ದರು. ಕಣ್ಣು ಗುಡ್ಡೆ ಹೊರಗೆ ಬಂದಿತ್ತು. ಸಿಟ್ಟಿನ ಮನುಷ್ಯ ಎಂದು ಊರೆಲ್ಲ ದೂರ ನಿಲ್ಲುತ್ತಿತ್ತು, ನಾನೂ ನಿಲ್ಲುತ್ತಿದ್ದೆ. ಒಂದು ದಿನ ಅವರ ಹೆಂಡತಿ ಅವರನ್ನು ಎಳೆದುಕೊಂಡು ಬಂದರು.

"ಹೊತ್ತಿಗೆ ನಾಕು ಮುದ್ದೆ ತಿಂತಾರೆ ಸಾರ್, ಮೈಗೆ ಹತ್ತಲ್ಲ. ಸುಮ್ನೆ ಕುಂತ್ರೂ ಬೆವರ್ತಾರೆ, ಕೈ ನಡುಗ್ತದೆ. ಇದು ಸಿಟ್ಟಲ್ಲ, ಏನೋ ಕಾಯ್ಲೆ."

ಕುತ್ತಿಗೆ ಮುಟ್ಟಿ ನೋಡಿದೆ. ಥೈರಾಯ್ಡ್ ಗ್ರಂಥಿ ಊದಿತ್ತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದೆ. ಕೆಲವು ತಿಂಗಳ ಮೇಲೆ ಮೇಷ್ಟರು ಮೈ ತುಂಬಿಕೊಂಡು ಬಂದರು, ಕಣ್ಣೂ ಎಷ್ಟೋ ಒಳಗೆ ಹೋಗಿತ್ತು. ಮುಖ ಮಾತ್ರ ಸಪ್ಪಗಿತ್ತು.

"ಎಂತ ಪನಿ ಚೇಸಾರು ಸಾರ್! ಎಂಥ ಕೆಲಸ ಮಾಡಿಬುಟ್ರಿ! ಮೊದ್ಲು ತಿರುಗಿ ನೋಡಿದ್ರೆ ಸಾಕು, ಕ್ಲಾಸೇ ಗಪ್‌ಚಿಪ್. ಈಗ ಪಾಠ ಮಾಡ್ಬೇಕು!"

೨. ಮಧ್ಯಾಹ್ನದ ರೋಗಿ

ಮಧುಗಿರಿಯಲ್ಲಿದ್ದಾಗ ಪುರವರದ ಹತ್ತಿರದ ಹಳ್ಳಿಯಿಂದ ಒಬ್ಬ ಅತ್ತೆ ತನ್ನ ಸೊಸೆಯನ್ನು ಕರೆತಂದಳು. ಸೊಸೆಗೆ ಇಪ್ಪತ್ತೆರಡು ವರ್ಷ ಇರಬಹುದು.

"ಬೆಳಗಿನ ಜಾವ ರಾಗಿ ಬೀಸು ಅಂದ್ರೆ ಕೈ ಮಡಚಕ್ಕಾಗಲ್ಲ ಅಂತಾಳೆ ಡಾಕ್ಟ್ರೇ. ಹೊತ್ತೇರಿದ್ರೆ ಎಲ್ಲಾ ಸರಿ! ಇದು ಸೋಂಬೇರಿತನವೋ ಕಾಯ್ಲೆಯೋ ನೀವೇ ಹೇಳಿ. ಇವ್ರಪ್ಪಂಗೆ ಹೇಳಿ ಕಳ್ಸಿವ್ನಿ, ಬಂದು ಕರ್ಕೊಂಡೋಗ್ಲಿ."

ಹಳ್ಳಿಯವರು ಆಸ್ಪತ್ರೆಗೆ ಬರುವುದು ಮನೆಕೆಲಸವೆಲ್ಲ ಮುಗಿಸಿ. ಇವರು ಬಂದಾಗ ಸೂರ್ಯ ನೆತ್ತಿಯ ಮೇಲಿದ್ದ. ಮುಷ್ಟಿ ಕಟ್ಟು ಎಂದೆ, ಕಟ್ಟಿದಳು. ಬಿಚ್ಚು ಎಂದೆ, ಬಿಚ್ಚಿದಳು. ನಾನು ಗಂಭೀರವಾಗಿ "ಏನೂ ಇಲ್ಲ" ಎಂದು ಕೆಂಪು ಮಿಕ್ಸ್ಚರ್ ಕೊಟ್ಟೆ. ಸೊಸೆ ಕಣ್ಣೀರು ಒರೆಸಿಕೊಂಡು ಹೋದಳು. ಅತ್ತೆ ಬಾಗಿಲಲ್ಲಿ ನಿಂತು ನನಗೆ ದೊಡ್ಡ ನಮಸ್ಕಾರ ಹಾಕಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಂಥ ನಮಸ್ಕಾರ ನನಗೆ ಇನ್ನೊಮ್ಮೆ ಸಿಗಲಿಲ್ಲ, ಅದೂ ತಪ್ಪು ಹೇಳಿದ್ದಕ್ಕೆ!

೩. ಬಳೆ ಸಾಬರ ಪರೀಕ್ಷೆ

ವಾರದೊಳಗೆ ಸಿರಾದ ಬಳೆ ಸಾಬರು ಬೆರಳು ಕುಯ್ದುಕೊಂಡು ಬಂದರು. ಹೆಂಗಸರು ಹೊಲಕ್ಕೆ ಹೋಗುವ ಮುಂಚೆ ಸಿಗಬೇಕೆಂದು ಅವರು ಹೊತ್ತು ಹುಟ್ಟುವಾಗಲೇ ಹಳ್ಳಿ ಹೊಗುತ್ತಿದ್ದರು.

"ಒಂದೇ ಕೈಗೆ ನಾಕು ಬಳೆ ಒಡೀತು ಸಾಬ್. ಪುರವರದ ಹತ್ರ ಒಂದು ಹುಡುಗಿ. ಹೋದ ವರ್ಷ ಇದೇ ಅಳತೆ ಸಲೀಸಾಗಿ ಏರಿತ್ತು."

"ದಪ್ಪ ಆಗಿದ್ದಾಳೇನೋ."

"ನಹೀ ಸಾಬ್, ಮೈ ಇಳಿದೈತೆ. ಬೆರಳ ಬುಡದ ಗೆಣ್ಣು ಊದೈತೆ. ಎರಡೂ ಕೈಗೆ ಒಂದೇ ಸಮ. ಮುಟ್ಟಿದ್ರೆ ಬಿಸಿ."

ಬ್ಯಾಂಡೇಜು ನನ್ನ ಕೈಯಲ್ಲೇ ನಿಂತಿತು. ಪುಸ್ತಕದಲ್ಲಿ ಎರಡು ಪುಟ ಓದಿ ಪಾಸಾಗಿದ್ದ ಕೀಲುವಾತವನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದರು. ನಾಚಿಕೆಯಾಯಿತು. ಬ್ಯಾಂಡೇಜು ಕಟ್ಟಿಸಿಕೊಂಡ ಸಾಬರು ಎದ್ದು, "ಡಾಕ್ಟರ್ ಸಾಬ್, ಆ ಹುಡುಗಿ ನಿಮ್ಗೂ ಕೈ ತೋರಿಸಿದ್ಲಂತೆ. ನೀವು ಕೈ ನೋಡೋದು ಹನ್ನೊಂದು ಗಂಟೆ ಮೇಲೇನಾ?" ಎಂದರು.

೪. ಮನೆಯಲ್ಲೇ ಔಷಧಿ

ಮರುದಿನ ನಸುಕಿನಲ್ಲೇ ಆ ಹಳ್ಳಿಗೆ ಸೈಕಲ್ ತುಳಿದೆ. ಸೊಸೆ ಬಚ್ಚಲ ಹತ್ತಿರ ಬಿಸಿನೀರಿನಲ್ಲಿ ಎರಡೂ ಕೈ ಅದ್ದಿ ಕೂತಿದ್ದಳು. ಮುಷ್ಟಿ ಅರ್ಧಕ್ಕೇ ನಿಂತಿತು.

"ನೋಡಿ ನಾಟ್ಕ! ಹೊತ್ತೇರ್ಲಿ, ತಾನೇ ಸರಿಹೋಗ್ತದೆ" ಎಂದಳು ಅತ್ತೆ.

"ಹೊತ್ತೇರಿದರೆ ಸರಿಹೋಗುವುದೇ ಈ ಕಾಯಿಲೆಯ ಗುರುತು ಕಣಮ್ಮ. ಅವತ್ತು ತಪ್ಪು ಹೇಳಿದವನು ನಾನು."

ಅತ್ತೆ ಸೊಸೆಯ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ತಾನೇ ಹೋಗಿ ಬೀಸೋ ಕಲ್ಲಿನ ಮುಂದೆ ಕೂತಳು. ಅಷ್ಟರಲ್ಲಿ ಸೊಸೆಯ ಅಪ್ಪ ಗಾಡಿ ಹೂಡಿಕೊಂಡು ಬಂದ. "ಯಾಕ್ ಬಂದೆ? ಕಾಯ್ಲೆ ಬಿದ್ದಿರೋ ಸೊಸೇನ ಯಾರಾದ್ರೂ ಕಳಿಸ್ತಾರಾ? ಉಂಡ್ಕೊಂಡು ಹೊಂಟೋಗು!" ಎಂದು ಅತ್ತೆ ಅವನಿಗೇ ಬೈದಳು. ಸೊಸೆ ಅಳುತ್ತಲೇ ನಕ್ಕಳು.

ಮಾತ್ರೆ, ಬಿಸಿನೀರು, ವಿಶ್ರಾಂತಿ, ಬೆಂಗಳೂರಿಗೆ ಎರಡು ಸಲ ಓಡಾಟ. ಕಾಯಿಲೆ ಪೂರ್ತಿ ಹೋಗಲಿಲ್ಲ, ಆದರೆ ಹೇಳಿದ ಮಾತು ಕೇಳತೊಡಗಿತು. ಯುಗಾದಿಯ ಹೊತ್ತಿಗೆ ಹುಡುಗಿ ಒಂದಳತೆ ದೊಡ್ಡ ಬಳೆ ತೊಟ್ಟಳು, ಒಂದೂ ಒಡೆಯಲಿಲ್ಲ.

ಒಂದು ದಿನ ಅತ್ತೆ ಮಗನನ್ನು ಕರೆದುಕೊಂಡು ಬಂದಳು. ಸೊಸೆಯೂ ಜೊತೆಗಿದ್ದಳು. ಮಗ ಎರಡು ಕೈಯನ್ನೂ ಹಲಗೆಯಂತೆ ಚಾಚಿ, "ನಂಗೂ ಅದೇ ಬಂದೈತೆ ಡಾಕ್ಟ್ರೇ. ಬೆಳಿಗ್ಗೆ ನೇಗಿಲು ಹಿಡಿಯಕ್ಕಾಗಲ್ಲ" ಎಂದ.

ನಾನು ಮುಟ್ಟುವ ಮುಂಚೆಯೇ ಅತ್ತೆ ಬುತ್ತಿ ಬಿಚ್ಚಿದಳು. ಬಿಸಿ ಮುದ್ದೆ, ಹುರುಳಿ ಸಾರು. ಘಮ ಬಂದದ್ದೇ ತಡ, ಮಗನ ಐದು ಬೆರಳೂ ಚೆನ್ನಾಗಿ ಮಡಚಿ ತುತ್ತು ಮುರಿದವು.

"ಗೆಣ್ಣು ಊದಿಲ್ಲ, ಬಿಸಿಯಿಲ್ಲ, ಉಣ್ಣಕ್ಕೆ ಮಡಚ್ತದೆ" ಎಂದು ಅತ್ತೆ ಬುತ್ತಿ ಕಟ್ಟಿದಳು. "ಇವನ ಕಾಯ್ಲೆಗೆ ಔಷಧಿ ನಮ್ಮನೇಲೇ ಐತೆ, ನಡೀಲಾ!"

ಸೊಸೆ ಬಳೆ ತುಂಬಿದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆ ಔಷಧಿ ಏನೆಂದು ವಾರದ ಮೇಲೆ ಬಳೆ ಸಾಬರಿಂದ ತಿಳಿಯಿತು. "ಈಗ ಆ ಮನೇಲಿ ಬೆಳಗಿನ ಜಾವ ರಾಗಿ ಬೀಸೋದು ಮಗ, ಸಾಬ್. ಪಕ್ಕದಲ್ಲಿ ಅಮ್ಮ ಪದ ಹೇಳ್ತಾ ಕೂತವ್ಳೆ. ಅವನ ಅಂಗೈ ನೋಡ್ದೆ, ಚೆನ್ನಾಗಿ ಬೊಬ್ಬೆ ಬಂದೈತೆ. ಕಾಯ್ಲೆ ವಾಸಿ!"